ಕಲ್ಯಾಣ ಪರಿಸರದಲ್ಲಿ ಆಫ್ರಿಕನ್ ವಯೊಲೆಟ್: ಎಲೆಮೂಲ ವಂಶವೃದ್ಧಿಯ ತಾತ್ವಿಕ ನೆಲೆಗಳು (ಹುಮನಾಬಾದ ಸಹಿತ)

ಆಫ್ರಿಕನ್ ವಯೊಲೆಟ್ ಆಫ್ರಿಕದ್ದು ಹೌದು, ವಯೊಲೆಟ್ ಅಲ್ಲ. ಗೆಸ್ನೇರಿಯೇಸಿ ಕುಟುಂಬಕ್ಕೆ ಸೇರಿದ ಗಿಡ ಅದು. ಗೇಣಗಲ ಹರಡುತ್ತದೆ, ಕಾಂಡ ಇದ್ದೂ ಇಲ್ಲದಂತೆ ಕಾಣುತ್ತದೆ, ಎಲೆಯ ಮೇಲೆಲ್ಲ ನವಿರು ರೋಮ. ಮನೆಮನೆಗಳಲ್ಲಿ ಇದನ್ನು ‘ಹೂವಿನ ಗಿಡ’ ಎಂದು ಕರೆದು ಸುಮ್ಮನಾಗಿರುವುದು ವಿದ್ವತ್ ವಲಯಕ್ಕೆ ತುಂಬಲಾರದ ನಷ್ಟ. ವಸ್ತುತಃ ಇದು ನೆರಳು-ಬೆಳಕುಗಳ ದ್ವಂದ್ವಾತ್ಮಕ ಅನುಸಂಧಾನದಲ್ಲಿ ತನ್ನ ಸಸ್ಯ-ಅಸ್ಮಿತೆಯನ್ನು ಕಟ್ಟಿಕೊಳ್ಳುವ ಬಹುಆಯಾಮಿ ಸಂಕಥನ. ಇಷ್ಟು ಹೇಳಿದ ಮೇಲೆ ಗಿಡಕ್ಕೆ ನೀರು ಹಾಕುವ ಅಗತ್ಯ ಸದ್ಯಕ್ಕೆ ಮುಂದಕ್ಕೆ ಹೋಗುತ್ತದೆ. ವಿಚಾರ ಸಂಕಿರಣಗಳ ಅನುಭವವೂ ಇದನ್ನೇ ದೃಢಪಡಿಸುತ್ತದೆ.

ಅಧ್ಯಯನದ ವ್ಯಾಪ್ತಿ: ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ಕಿಟಕಿಗಳು. ಅಧ್ಯಯನದ ಮಿತಿ: ಬೇಸಿಗೆ ಬಂತೆಂದರೆ ಆ ಕಿಟಕಿಗಳಲ್ಲಿ ಕೂಲರ್ ಕೂತಿರುತ್ತದೆ. ಪೂರ್ವಾಧ್ಯಯನಗಳ ಸಮೀಕ್ಷೆ: ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳ ಗ್ರಂಥ. ಅಡುಗೆ, ಆನೆ, ರತ್ನ, ಸಂಗೀತ, ಮೀನು ಹಿಡಿಯುವ ಬಗೆ ಎಲ್ಲವೂ ಅದರಲ್ಲಿದೆ. ಆಫ್ರಿಕನ್ ವಯೊಲೆಟ್ ಬಗ್ಗೆ ಚಕಾರವಿಲ್ಲ. ಈ ಗಿಡ ಸಸ್ಯಶಾಸ್ತ್ರದ ಕಣ್ಣಿಗೆ ಬಿದ್ದದ್ದೇ ಅದಾದ ಏಳೂವರೆ ಶತಮಾನದ ಮೇಲೆ ಎಂಬುದು ನಿಜ. ಆದರೂ ಸಂಶೋಧನಾ ಕೊರತೆ ಎಂಬುದು ಕೊರತೆಯೇ, ಅದನ್ನು ತುಂಬುವುದೇ ಈ ಪ್ರಬಂಧದ ಘನ ಉದ್ದೇಶ.

ನಾಮಕರಣದ ರಾಜಕಾರಣವನ್ನು ಮೊದಲು ಗಮನಿಸಬೇಕು. ಆಗಿನ ಜರ್ಮನ್ ಪೂರ್ವ ಆಫ್ರಿಕದ, ಈಗಿನ ಟಾಂಜಾನಿಯದ, ಟಾಂಗಾದಲ್ಲಿ ಅಧಿಕಾರಿಯಾಗಿದ್ದ ಬ್ಯಾರನ್ ವಾಲ್ಟರ್ ಫಾನ್ ಸೇಂಟ್ ಪಾಲ್-ಇಲ್ಲೇರ್ 1892ರಲ್ಲಿ ಇದನ್ನು ಕಂಡು, ಜರ್ಮನಿಯಲ್ಲಿದ್ದ ತಂದೆಗೆ ಬೀಜ ಕಳಿಸಿದ. ಮರುವರ್ಷ ಹ್ಯಾನೋವರಿನ ಹೆರೆನ್‌ಹೌಸೆನ್ ಉದ್ಯಾನದ ಹೆರ್ಮನ್ ವೆಂಡ್‌ಲಾಂಡ್ ಇದಕ್ಕೆ ‘ಸೇಂಟ್‌ಪೌಲಿಯಾ ಅಯೊನಾಂಥಾ’ ಎಂದು ಹೆಸರಿಟ್ಟ. ಟಾಂಗಾ ಬಳಿಯ ಉಸಂಬರಾ ಬೆಟ್ಟದ ಜನ ಈ ಗಿಡ ಬೆಳೆಯುವ ಪಾಚಿಗಟ್ಟಿದ ಬಂಡೆಗಳ ಪಕ್ಕದಲ್ಲೇ ತಲೆಮಾರುಗಳಿಂದ ಓಡಾಡಿಕೊಂಡಿದ್ದರು. ಆದರೆ ಕಾಣುವುದಕ್ಕೆ ಕಣ್ಣು ಸಾಕು, ಕಂಡುಹಿಡಿಯುವುದಕ್ಕೆ ಸರ್ಕಾರಿ ಹುದ್ದೆ ಬೇಕು. 2015ರಲ್ಲಿ ವಿಜ್ಞಾನಿಗಳು ಡಿಎನ್‌ಎ ಸಾಕ್ಷ್ಯದ ಬಲದಿಂದ ಸೇಂಟ್‌ಪೌಲಿಯಾ ಕುಲವನ್ನೇ ರದ್ದುಮಾಡಿ, ಗಿಡವನ್ನು ಸ್ಟ್ರೆಪ್ಟೋಕಾರ್ಪಸ್ ಕುಲಕ್ಕೆ ಸೇರಿಸಿದರು. ಗಿಡಕ್ಕೆ ಸುದ್ದಿ ಮುಟ್ಟಿದ ಲಕ್ಷಣವಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು, ಬೋರ್ಡುಗಳಿಗೆ ಹೊಸ ಬಣ್ಣ ಬಂತು. ತೌಲನಿಕ ಅಧ್ಯಯನಕ್ಕೆ ಇಲ್ಲಿ ವಿಪುಲ ಅವಕಾಶವಿದೆ. ಎರಡೂ ಪ್ರಕರಣಗಳಲ್ಲಿ ನಾಮಕರಣ ಯಶಸ್ವಿಯಾಗಿದೆ, ನೀರುಣಿಸುವ ವಿಷಯ ಪರಿಶೀಲನೆಯಲ್ಲಿದೆ.

ಇನ್ನು ಕಿಟಕಿಗಳ ವರ್ಗೀಕರಣ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳನ್ನು ಬಳಸಿ, ರಾಜ್ಯದ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿತು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಅದೇ ವಿಧಾನವನ್ನು ಇಲ್ಲಿ ಅನ್ವಯಿಸಲಾಗಿದೆ. ಪಶ್ಚಿಮಕ್ಕೆ ತೆರೆದ ಕಿಟಕಿ ಹಿಂದುಳಿದದ್ದು. ಪಶ್ಚಿಮಕ್ಕೆ ತೆರೆದು ಮೇಲೆ ತಗಡು ಹೊದ್ದದ್ದು ಅತಿ ಹಿಂದುಳಿದದ್ದು. ಕಿಟಕಿಯೇ ಇಲ್ಲದೆ ಬಾಗಿಲಷ್ಟೇ ಇರುವುದು ಅತ್ಯಂತ ಹಿಂದುಳಿದದ್ದು. ಸೂಚಕಗಳು ಹೀಗಿವೆ: ಒಂದು, ದಿಕ್ಕು. ಎರಡು, ಪರದೆಯ ದಪ್ಪ. ಮೂರು, ಕೂಲರ್‌ನಿಂದ ದೂರ. ನಾಲ್ಕು, ‘ಇಲ್ಲ್ಯಾಕ ಇಟ್ಟೀರಿ ಇದನ್ನ’ ಎನ್ನುತ್ತ ಮನೆಯ ಅಜ್ಜಿ ಕುಂಡವನ್ನು ಸರಿಸುವ ಆವರ್ತನ. ಮಿಕ್ಕ 31 ಸೂಚಕಗಳನ್ನು ಅನುಬಂಧದಲ್ಲಿ ನೋಡಬಹುದು. ಅನುಬಂಧವಿಲ್ಲ.

ಗಿಡಕ್ಕೆ ಬೇಕಾದದ್ದು ಇಷ್ಟೇ. ದಿನಕ್ಕೆ ಹತ್ತು-ಹನ್ನೆರಡು ತಾಸು ಒಳ್ಳೆಯ ಬೆಳಕು, ಮೈಮೇಲೆ ಬಿಸಿಲು ಬೀಳಬಾರದು. ಪೂರ್ವದ ಕಿಟಕಿ ಉತ್ತಮ. ಅದಿಲ್ಲದಿದ್ದರೆ ಒಂದಡಿ ಮೇಲೆ ಎಲ್‌ಇಡಿ ಟ್ಯೂಬು ಕಟ್ಟಿದರೂ ನಡೆಯುತ್ತದೆ. ಬೆಳಕು ಸಾಲದಿದ್ದರೆ ಎಲೆಯ ತೊಟ್ಟು ಉದ್ದವಾಗಿ ಹೂ ನಿಲ್ಲುತ್ತದೆ, ಹೆಚ್ಚಾದರೆ ಎಲೆ ಬಿಳಚಿ ಕೆಳಕ್ಕೆ ಮುದುಡುತ್ತದೆ. ಉಷ್ಣತೆ 18ರಿಂದ 26 ಡಿಗ್ರಿ ಇದ್ದರೆ ಸುಖ. ಮೇ ತಿಂಗಳಲ್ಲಿ ಪಾದರಸ 40ರ ಆಸುಪಾಸು ಏರುವ ಈ ಸೀಮೆಯಲ್ಲಿ ಗಿಡ ಹೂ ಬಿಡುವುದನ್ನು ಬಿಟ್ಟು ಜೀವ ಹಿಡಿದುಕೊಳ್ಳುವ ಕೆಲಸ ಮಾಡುತ್ತದೆ. ಆಗ ಮನೆಯ ನಡುಕೋಣೆಯೇ ಗತಿ. ಕೂಲರ್ ತರುವ ತೇವ ಅದಕ್ಕೆ ಹಿತ, ಕೂಲರ್‌ನ ನೇರ ಗಾಳಿ ಹಿತವಲ್ಲ. ಮಾಣಿಕನಗರದ ದತ್ತಜಯಂತಿಯಿಂದ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಯವರೆಗಿನ ಚಳಿ ದಿನಗಳಲ್ಲಿ ಗಿಡಕ್ಕೆ ಒಳ್ಳೆಯ ಕಳೆ ಬರುತ್ತದೆ. ರಾತ್ರಿ ಕಿಟಕಿ ಮುಚ್ಚಿದರೆ ಸಾಕು.

ನೀರಿನ ಅಧ್ಯಾಯ ದೊಡ್ಡದು. ಎಲೆಯ ಮೇಲೆ ತಣ್ಣೀರು ಬಿದ್ದರೆ ಅಲ್ಲಿ ಬಿಳಿ-ಹಳದಿ ಕಲೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ನಡುತಲೆಯಲ್ಲಿ ನೀರು ನಿಂತರೆ ಗಿಡವೇ ಕೊಳೆಯುತ್ತದೆ. ಆದ್ದರಿಂದ ಕೋಣೆಯಷ್ಟೇ ಬೆಚ್ಚಗಿನ ನೀರನ್ನು ತಟ್ಟೆಗೆ ಹಾಕಿ, ಕುಂಡ ಕೆಳಗಿನಿಂದ ಹೀರಿಕೊಂಡ ಮೇಲೆ ಅರ್ಧ ತಾಸಿಗೆ ಉಳಿದದ್ದನ್ನು ಚೆಲ್ಲಬೇಕು. ಇಲ್ಲವೇ ನೈಲಾನ್ ದಾರವನ್ನು ಕುಂಡದ ತಳದ ತೂತಿನಿಂದ ಇಳಿಬಿಟ್ಟು, ಕೆಳಗಿನ ಡಬ್ಬಿಯ ನೀರು ಅದರ ಮೂಲಕ ಏರುವಂತೆ ಮಾಡಬೇಕು. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಹತ್ತುವವರೆಗೆ ಮತ್ತೆ ನೀರು ಬೇಡ, ಈ ಗಿಡಗಳಲ್ಲಿ ಬಾಯಾರಿ ಸತ್ತವಕ್ಕಿಂತ ಅತಿ ಉಪಚಾರಕ್ಕೆ ಸತ್ತವೇ ಹೆಚ್ಚು. ಬೋರಿನ ನೀರು ಗಡಸಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಅದಕ್ಕೆ ತಾಗಿದ ತೊಟ್ಟು ಕೊಳೆತು ಬೀಳುತ್ತದೆ. ಮಳೆನೀರು ಹಿಡಿದಿಟ್ಟರೆ ಎಲ್ಲಕ್ಕಿಂತ ಮೇಲು.

ಹೊರದೇಶದ ಕೈಪಿಡಿಗಳು ಬಟ್ಟಿಯಿಳಿಸಿದ ಅಥವಾ ಶುದ್ಧೀಕರಿಸಿದ ನೀರನ್ನು ಶಿಫಾರಸು ಮಾಡುತ್ತವೆ. ಸ್ಥಳೀಯ ನೆಲೆಯಲ್ಲಿ ಇದರ ಅರ್ಥ, ಕುಡಿಯಲೆಂದು ದುಡ್ಡು ಕೊಟ್ಟು ತಂದ ಇಪ್ಪತ್ತು ಲೀಟರ್ ಕ್ಯಾನಿನಿಂದ ಗಿಡಕ್ಕೆ ಎರಡು ಲೋಟ. ಸಂಕಥನ ಇಲ್ಲಿ ಸ್ವಲ್ಪ ಹೊತ್ತು ಬದಿಗಿರಲಿ. ಏಪ್ರಿಲ್‌ನಲ್ಲಿ ನಳ ಎಂದು ಬರುತ್ತದೆಂದು ತಿಳಿಯದೆ ಕೊಡಗಳ ಸಾಲು ಹಚ್ಚಿ ಕೂತ ಹೆಂಗಸಿಗೆ ತಾನು ಎಷ್ಟನೆಯ ಸೂಚಕ ಎಂದು ಗೊತ್ತಿಲ್ಲ. ನಂಜುಂಡಪ್ಪ ವರದಿ ತನ್ನ ಕೆಲಸ ಮಾಡಿತು, ಇರುವುದನ್ನು ಎಣಿಸಿ ಹೇಳಿತು. ಅದರ ಬೆನ್ನ ಮೇಲೆ ಕೂತು ಎರಡು ದಶಕ ಸಂಕಿರಣ ನಡೆಸಿದವರು, ಎಸಿ ಹಾಲಿನಲ್ಲಿ ‘ಹಿಂದುಳಿದಿರುವಿಕೆಯ ಪರಿಕಲ್ಪನೆ’ ಮಂಡಿಸಿ, ಟಿಎ-ಡಿಎ ಬಿಲ್ಲಿಗೆ ಸಹಿ ಹಾಕಿ, ಊಟವಾದ ಮೇಲೆ ಸಮಾರೋಪಕ್ಕೂ ನಿಲ್ಲದೆ ಹೈದರಾಬಾದಿನ ವಿಮಾನ ಹಿಡಿದವರು, ಆ ಕೊಡಗಳ ಸಾಲಿನ ಪಕ್ಕದಲ್ಲೇ ಕಾರಿನಲ್ಲಿ ಹೋದರು. ಸಂಕಿರಣದ ವೇದಿಕೆಯ ಮೇಲೆ ಪ್ರತಿಯೊಬ್ಬರ ಮುಂದೂ ನೀರಿನ ಬಾಟಲಿ ಇತ್ತು, ಅರ್ಧ ಕುಡಿದು ಬಿಟ್ಟದ್ದು. ಆ ಅರ್ಧ ಬಾಟಲಿಗಳ ನೀರು ಒಂದು ಬೀದಿಯ ಕಿಟಕಿಗಳ ಗಿಡಗಳಿಗೆ ವಾರಪೂರ್ತಿ ಸಾಲುತ್ತಿತ್ತು. ಈ ನೀರು ಅತ್ಯುತ್ತಮ, ಉಪ್ಪಿಲ್ಲದ್ದು, ಕೋಣೆಯ ಉಷ್ಣತೆಯದ್ದು.

ಮಣ್ಣಿನ ವಿಷಯ ಚಿಕ್ಕದು. ಹೊಲದ ಎರೆಮಣ್ಣು ನೀರು ಹಿಡಿದು ಗಟ್ಟಿಯಾಗುತ್ತದೆ, ಬೀದರ್ ಸೀಮೆಯ ಕೆಂಪು ಜಂಬಿಟ್ಟಿಗೆ ಮಣ್ಣು ಕುಂಡಕ್ಕೆ ಭಾರ. ಎರಡನ್ನೂ ಬಿಟ್ಟು ತೊಳೆದ ಕೋಕೋಪೀಟ್ ಎರಡು ಪಾಲು, ಪರ್ಲೈಟ್ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಹಿಡಿ ಬೆರೆಸಿದರೆ ಸಾಕು. ನೆಲಮೂಲ ಸಂಸ್ಕೃತಿಯ ಪ್ರತಿಪಾದಕರು ಇದಕ್ಕೆ ಆಕ್ಷೇಪವೆತ್ತಬಹುದು, ಬೇರುಗಳು ಎತ್ತುವುದಿಲ್ಲ. ಕುಂಡ ಚಿಕ್ಕದಿರಬೇಕು: ಗಿಡದ ಹರವಿನ ಮೂರನೆಯ ಒಂದು ಪಾಲು ಅಗಲ.

ವಂಶವೃದ್ಧಿಗೆ ಕಲ್ಯಾಣದಲ್ಲೇ ಶಾಸ್ತ್ರಾಧಾರವಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಸಪಿಂಡರು ಎಂದರೆ ಪಿಂಡ ಇಡುವ ಬಳಗವಲ್ಲ, ಒಂದೇ ದೇಹದ ಅಂಶ ಹಂಚಿಕೊಂಡವರು ಎಂಬುದು ಅವನ ನಿಲುವು. ಮಗನಿಗೆ ಆಸ್ತಿಯಲ್ಲಿ ಹಕ್ಕು ಬರುವುದು ಹುಟ್ಟಿನಿಂದಲೇ. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಇದನ್ನು ಒಪ್ಪಲಿಲ್ಲ, ತಂದೆ ಇರುವವರೆಗೆ ಮಗನಿಗೆ ಪಾಲಿಲ್ಲ ಎಂದ. ಆಫ್ರಿಕನ್ ವಯೊಲೆಟ್ ಈ ವ್ಯಾಜ್ಯವನ್ನು ಮಿತಾಕ್ಷರಾ ಪರವಾಗಿ ತೀರ್ಮಾನಿಸಿದೆ. ಅದರ ಮರಿ ತಾಯಿಯೆಲೆಯ ದೇಹಾಂಶವೇ, ಬೇರೆ ಏನೂ ಅಲ್ಲ, ಮತ್ತು ತಾಯಿಯೆಲೆ ಹಸಿರಾಗಿ ಬದುಕಿರುವಾಗಲೇ ತನ್ನ ಪಾಲು ತೆಗೆದುಕೊಂಡು ಬೇರೆ ಕುಂಡಕ್ಕೆ ಹೋಗುತ್ತದೆ.

ವಿಧಿ ಹೀಗೆ. ತೀರ ಹೊರಗಿನ ಮುದಿಯೆಲೆ ಬೇಡ, ನಡುವಿನ ಎಳೆಯೆಲೆಯೂ ಬೇಡ, ಮಧ್ಯದ ಸುತ್ತಿನ ಗಟ್ಟಿ ಎಲೆ ಆರಿಸಬೇಕು. ಹೊಸ ಬ್ಲೇಡಿನಿಂದ ಮೂರು-ನಾಲ್ಕು ಸೆಂಟಿಮೀಟರ್ ತೊಟ್ಟು ಉಳಿಯುವಂತೆ ಓರೆಯಾಗಿ ಕೊಯ್ಯಬೇಕು. ಮರಿಗಳು ಹೊರಡುವುದು ಆ ಕೊಯ್ದ ಜಾಗದಿಂದ. ಹದವಾಗಿ ನೆನೆದ ಮಿಶ್ರಣದಲ್ಲಿ ತೊಟ್ಟನ್ನು ಸುಮಾರು ಒಂದು ಸೆಂಟಿಮೀಟರಷ್ಟು ಊರಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ ಬೆಳಕಿರುವ ನೆರಳಲ್ಲಿಡಬೇಕು. ಮೂರು-ನಾಲ್ಕು ವಾರಕ್ಕೆ ಬೇರು, ಆರರಿಂದ ಹತ್ತು ವಾರಕ್ಕೆ ಮಣ್ಣಿನಿಂದ ಮರಿಯೆಲೆಗಳು. ಈ ನಡುವೆ ಕಿತ್ತು ನೋಡಬಾರದು, ಪ್ರಗತಿ ಪರಿಶೀಲನಾ ಸಭೆ ಗಿಡಕ್ಕೆ ಆಗಿಬರುವುದಿಲ್ಲ. ಮರಿಗೆ ನಾಲ್ಕಾರು ಎಲೆ ಬಂದ ಮೇಲೆ ಬಿಡಿಸಿ ಪುಟ್ಟ ಕುಂಡಕ್ಕೆ ಹಾಕಬೇಕು. ತಾಯಿಯೆಲೆ ಗಟ್ಟಿಯಿದ್ದರೆ ತೊಟ್ಟನ್ನು ಮತ್ತೆ ಕೊಯ್ದು ಊರಬಹುದು, ಇನ್ನೊಂದು ಬಾಣಂತನ ಮಾಡಿಕೊಡುತ್ತದೆ. ಎಲೆ ಊರಿದ್ದರಿಂದ ಹೂವಿನವರೆಗೆ ಮುಕ್ಕಾಲು ವರ್ಷವೋ ಅದಕ್ಕೂ ಮೇಲೆಯೋ ಹಿಡಿಯುತ್ತದೆ. ಒಂದು ಅಪವಾದ: ಪಕಳೆಯ ಮೇಲೆ ಗಾಲಿಯ ಅರಗಳಂತೆ ಪಟ್ಟೆಯಿರುವ ಕೈಮೆರಾ ತಳಿಗಳ ಎಲೆ ಊರಿದರೆ ಸಾಮಾನ್ಯವಾಗಿ ಬೇರೆಯೇ ಬಣ್ಣದ ಹೂ ಬರುತ್ತದೆ. ಅವನ್ನು ಬುಡದಲ್ಲಿ ಒಡೆಯುವ ಕವಲುಮರಿಯಿಂದ ಬೆಳೆಸಬೇಕು.

ಲೋಕದ ಲಕ್ಷಾಂತರ ಕಿಟಕಿಗಳಲ್ಲಿ ಹೀಗೆ ಎಲೆಯಿಂದ ಎಲೆಗೆ ದಾಟಿಕೊಂಡು ಬಂದ ಈ ಗಿಡದ ಕಾಡುತಳಿಗಳಲ್ಲಿ ಹಲವು ಇಂದು ಅಳಿವಿನ ಅಂಚಿಗೆ ಬಂದಿವೆ. ಅವುಗಳ ಕಾಡೇ ಕಡಿದುಹೋಗುತ್ತಿದೆ. ಹೊರಗೆ ಹೋದಲ್ಲೆಲ್ಲ ಆರೈಕೆ, ಹುಟ್ಟಿದಲ್ಲಿ ನೆರಳಿಲ್ಲ. ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲೆ ಹುಮನಾಬಾದದಲ್ಲಿ ಬಸ್ಸು ಹತ್ತಿ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಹುಡುಗರಿಗೆ ಆರೈಕೆ ಹೋದಲ್ಲೂ ಇಲ್ಲ.

ಉಳಿದದ್ದು ನಿತ್ಯದ ಕೆಲಸ. ಬೆಳೆಯುವ ಕಾಲದಲ್ಲಿ ನೀರಿನಲ್ಲಿ ಕರಗುವ ಗೊಬ್ಬರವನ್ನು ಪೊಟ್ಟಣದ ಮೇಲೆ ಹೇಳಿದ್ದರ ಕಾಲುಭಾಗದಷ್ಟು ತೆಳುವಾಗಿ ಕೊಡಬೇಕು. ಬಾಡಿದ ಹೂ, ಹಳದಿ ಎಲೆಯನ್ನು ಬುಡಸಮೇತ ತೆಗೆಯಬೇಕು. ಎಲೆಯ ದೂಳನ್ನು ಮೃದು ಬ್ರಷ್‌ನಿಂದ ಒರೆಸಬೇಕು. ಹತ್ತಿಯಂತೆ ಅಂಟಿದ ಹಿಟ್ಟುತಿಗಣೆಯನ್ನು ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ತೆಗೆಯಬಹುದು. ನಡುವಿನ ಎಲೆಗಳು ಬಿಗಿದು, ಬೂದುಬಣ್ಣಕ್ಕೆ ತಿರುಗಿ ಗಿಡ್ಡಾದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಆ ಗಿಡವನ್ನು ಉಳಿದವುಗಳಿಂದ ದೂರ ಒಯ್ದು ಬಿಸಾಡುವುದೇ ಕ್ಷೇಮ. ಕೆಳಗಿನ ಎಲೆಗಳು ಉದುರುತ್ತ ಬಂದು ಕತ್ತು ಬರಿದಾಗಿ ಕಾಣತೊಡಗಿದರೆ, ಕತ್ತಿನ ಒಣ ಸಿಪ್ಪೆಯನ್ನು ಮೆಲ್ಲಗೆ ಕೆರೆದು, ಬೇರುಮುದ್ದೆಯ ತಳವನ್ನು ಕತ್ತಿನಷ್ಟೇ ಉದ್ದ ಕೊಯ್ದು, ಕೆಳಗಿನ ಎಲೆ ಕುಂಡದ ಅಂಚಿಗೆ ಬರುವಷ್ಟು ಇಳಿಸಿ ಹೊಸ ಮಣ್ಣು ತುಂಬಬೇಕು. ಒಂದೆರಡು ವಾರ ಚೀಲ ಹೊದಿಸಿಟ್ಟರೆ ಕತ್ತಿನಿಂದಲೇ ಹೊಸ ಬೇರು ಬರುತ್ತದೆ. ಈ ಕೆಲಸವನ್ನು ಬೇಸಿಗೆಯಲ್ಲಿ ಹಚ್ಚಿಕೊಳ್ಳಬಾರದು, ಮಿರಗ ಕೂಡಿ ಒಂದೆರಡು ಮಳೆ ಬಿದ್ದ ಮೇಲೆ ಮಾಡಬೇಕು.