ಬೈಗುಳ ಬಿರುದಾಗುವ ಬಗೆ: ತೀರಿಕೊಂಡ ಅಣ್ಣನ ಗುಣಗಳನ್ನು ಕುರಿತ ಒಂದು ಸಂಶೋಧನೆ

ತೀರಿಕೊಂಡ ಅಣ್ಣನನ್ನು ನೆನೆಯುವಾಗ ಮನೆಮಂದಿಗೆ ಹೊಳೆಯುವ ಗುಣಗಳು ಮೂರೇ. ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಅವು ಕ್ರೀಡಾಪ್ರೇಮಿ, ಪ್ರಾಣಿಪ್ರಿಯ, ಸಂಗೀತಾಸಕ್ತ ಎಂದು ಅಚ್ಚಾಗುತ್ತವೆ. ಇದನ್ನು ಕಾಕತಾಳೀಯವೆಂದು ಬಗೆದು ವಿದ್ವಾಂಸರು ಸುಮ್ಮನಿದ್ದಾರೆ. ಪ್ರಸ್ತುತ ಪ್ರಬಂಧ ಸುಮ್ಮನಿರಲಾರದು. ನಮ್ಮ ಪ್ರತಿಪಾದನೆ ಇಷ್ಟು: ಬದುಕಿದ್ದಾಗ ಯಾವುದಕ್ಕೆ ಬೈಸಿಕೊಂಡನೋ ಅದೇ ಸತ್ತ ಮೇಲೆ ಬಿರುದು. ಪರೀಕ್ಷೆಯ ಹಿಂದಿನ ದಿನ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಎದುರುಮನೆಯ ಕಿಟಕಿ ಗಾಜು ಒಡೆದವನೇ ಕ್ರೀಡಾಪ್ರೇಮಿ. ರಾತ್ರಿ ಹೆಪ್ಪು ಹಾಕಲೆಂದು ಕಾಸಿಟ್ಟ ಹಾಲನ್ನು ಬೀದಿನಾಯಿಗೆ ಸುರಿದವನೇ ಪ್ರಾಣಿಪ್ರಿಯ.

ಮೂರನೆಯದಕ್ಕೆ ಆಕರಗಳು ಇನ್ನೂ ಗಟ್ಟಿ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಬಾರಿಸಿ ಹೋದವು. ಆ ಪೀಳಿಗೆಯ ಅಣ್ಣಂದಿರು ಬಿಟ್ಟುಹೋದ ಮುಖ್ಯ ದಾಖಲೆಯೆಂದರೆ ಕರಿ ಟೀ ಶರ್ಟು. ಕುತ್ತಿಗೆ ಪಟ್ಟಿ ಜೋತುಬಿದ್ದಿರುತ್ತದೆ, ಎದೆಯ ಮೇಲಿನ ತಲೆಬುರುಡೆಯ ಅಚ್ಚು ಬಿರುಕು ಬಿಟ್ಟಿರುತ್ತದೆ, ಕಪ್ಪು ಹೋಗಿ ಬೂದಿ ಬಣ್ಣ ಬಂದಿರುತ್ತದೆ. ಅವನಿದ್ದಾಗ ಇದನ್ನು ಸ್ಕೂಟರ್ ಒರೆಸುವ ಬಟ್ಟೆ ಮಾಡಲು ತಾಯಂದಿರು ಹೊಂಚು ಹಾಕಿದ್ದಷ್ಟು ಮತ್ತಾವುದಕ್ಕೂ ಹಾಕಿರಲಾರರು. ಅವನು ಹೋದ ಮೇಲೆ ಅದೇ ಬಟ್ಟೆ ಬೀರುವಿನಲ್ಲಿ, ಧಾರೆ ಸೀರೆಯ ಪಕ್ಕ, ಡಾಂಬರು ಗುಳಿಗೆಯ ಕಾವಲಿನಲ್ಲಿ ಇರುತ್ತದೆ. ತಲೆಬುರುಡೆಗೆ ರೇಷ್ಮೆಯ ಸಮಾನ ಸ್ಥಾನ ಸಿಕ್ಕಿದ್ದನ್ನು ಬೇರೆ ಯಾವ ಸಿದ್ಧಾಂತ ವಿವರಿಸೀತು?

ಇದು ನಗರದವರ ಹೊಸ ಚಾಳಿ ಎನ್ನುವವರು ಮದ್ದೂರು ಕಡೆಯ ಆತಕೂರಿನ ಶಾಸನ ನೋಡಬೇಕು. ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಎಂದರೆ ಮಣಲೆರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಊರು ಕೇಳಬಹುದಿತ್ತು. ಅಂದು ರಾತ್ರಿ ಮಣಲೆರನ ಮನೆಯಲ್ಲಿ ಏನು ನಡೆಯಿತೆಂದು ಶಾಸನ ತಿಳಿಸುವುದಿಲ್ಲ, ಆದರೆ ಸಂಸಾರಸ್ಥ ಸಂಶೋಧಕರು ಊಹಿಸಬಲ್ಲರು. ಮುಂದೆ ಕಾಳಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕೂಡಲೇ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪ ತಗಲಲಿ ಎಂಬ ಷರತ್ತೂ ಬಿತ್ತು. ಆಟ, ಪ್ರಾಣಿ ಎರಡೂ ಒಂದೇ ಕಲ್ಲಿನಲ್ಲಿವೆ. ಗಿಟಾರಿಗೆ ಮಾತ್ರ ಇನ್ನೂ ಕಾಲ ಬಂದಿರಲಿಲ್ಲ.

ಆಕ್ಷೇಪಗಳಿಲ್ಲದಿಲ್ಲ. ಸತ್ತವರ ಒಳ್ಳೆಯ ಗುಣ ಹೇಳುವುದು ಲೋಕರೂಢಿ, ಅದಕ್ಕೇಕೆ ಸಿದ್ಧಾಂತ ಎನ್ನುವವರಿದ್ದಾರೆ. ಹಾಗಿದ್ದರೆ ಕರೆಂಟ್ ಬಿಲ್ಲನ್ನು ಕೊನೆಯ ದಿನಕ್ಕೆ ಮೊದಲೇ ಕಟ್ಟುತ್ತಿದ್ದ ಅಣ್ಣನ ಫ್ಲೆಕ್ಸಿನಲ್ಲಿ ಅದೇಕೆ ಬರುವುದಿಲ್ಲ? ಬೈಗುಳ ಬಿದ್ದಿರಲಿಲ್ಲ, ಅದಕ್ಕೆ. ಇನ್ನು ಕೆಲವರು ಪಂಪನ ತಮ್ಮ ಜಿನವಲ್ಲಭನನ್ನು ಎಳೆದು ತರುತ್ತಾರೆ: ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಅವನು ಅಣ್ಣನ ವಿಷಯದಲ್ಲಿ ನಾಯಿಯನ್ನೂ ಹೇಳಲಿಲ್ಲ, ಚೆಂಡನ್ನೂ ಹೇಳಲಿಲ್ಲ, ಕಾವ್ಯವನ್ನೇ ಹೇಳಿದ. ನಿಜ. ಆದರೆ ಆ ಕಾವ್ಯಕ್ಕೆ ಅರಿಕೇಸರಿ ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟಿದ್ದ. ಅಗ್ರಹಾರ ತಂದ ಹವ್ಯಾಸಕ್ಕೆ ಯಾವ ಮನೆಯಲ್ಲಿ ಬೈಯುತ್ತಾರೆ? ಕಾಸು ಹುಟ್ಟದ ಹವ್ಯಾಸಕ್ಕಷ್ಟೇ ನಮ್ಮ ಸೂತ್ರದ ವ್ಯಾಪ್ತಿ.

ಬಿಡಿಸಲು ಕಷ್ಟವಾದ ಆಕ್ಷೇಪ ಧರ್ಮರಾಯನದು. ಮಹಾಪ್ರಸ್ಥಾನದಲ್ಲಿ ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದಾಗ ಅವನು ಬಿರುದು ಕೊಡಲಿಲ್ಲ. ಸಹದೇವನಿಗೆ ಜಾಣತನದ ಜಂಬ, ನಕುಲನಿಗೆ ರೂಪದ ಜಂಬ, ಭೀಮನಿಗೆ ಹೊಟ್ಟೆಬಾಕತನ ಎಂದು ಸತ್ತ ಮೇಲೂ ಬೈದ. ಇದಕ್ಕೆ ಸಮಾಧಾನ ಹೀಗೆ: ಬೈಗುಳ ಮಾಗಿ ಬಿರುದಾಗಲು ಕನಿಷ್ಠ ವೈಕುಂಠ ಸಮಾರಾಧನೆಯಾದರೂ ಮುಗಿಯಬೇಕು, ಅವನು ಬಿದ್ದ ಜಾಗದಲ್ಲೇ ಮಾತಾಡಿಬಿಟ್ಟ. ಅದೇ ಧರ್ಮರಾಯ ಸ್ವರ್ಗ ಸೇರಿದ ಮೇಲೆ ತಮ್ಮಂದಿರಿಲ್ಲದ ಜಾಗ ಬೇಡವೆಂದು ಹಟ ಹಿಡಿದು ನರಕದಲ್ಲೇ ನಿಂತನಲ್ಲ? ನಡುವೆ ನಾಯಿಯನ್ನು ಬಿಟ್ಟು ರಥ ಹತ್ತುವುದಿಲ್ಲ ಎಂದು ಇಂದ್ರನೊಂದಿಗೂ ವಾದಿಸಿದ್ದ. ಅದು ಯಮಧರ್ಮನೆಂದು ಆಮೇಲೆ ತಿಳಿಯಿತು; ವಾದಿಸುವಾಗ ಅವನ ಪಾಲಿಗೆ ಅದು ಬರಿಯ ನಾಯಿ. ನಾಯಿಮರಿಯನ್ನು ಶರ್ಟಿನೊಳಗೆ ಬಚ್ಚಿಟ್ಟುಕೊಂಡು ಹಿತ್ತಲ ಬಾಗಿಲಿಂದ ಬಂದ ಅಣ್ಣಂದಿರ ಪರವಾಗಿ ಇಂಥ ಪ್ರಬಲ ಪ್ರಮಾಣವಿದ್ದೂ, ಅವರಲ್ಲಿ ಒಬ್ಬನೂ ಸಮಯಕ್ಕೆ ಅದನ್ನು ಉಲ್ಲೇಖಿಸದೆ ಹೋದದ್ದು ನಮ್ಮ ಶಾಲೆಗಳ ಪಠ್ಯಕ್ರಮದ ದೋಷ.