ಶ್ರೀಮಾನ್ ಹೈಡ್ರೋಜನ್ ಪೆರಾಕ್ಸೈಡ್ ಅವರ ಸನ್ನಿಧಾನಕ್ಕೆ

ಪರಮಪೂಜ್ಯ ಹೈಡ್ರೋಜನ್ ಪೆರಾಕ್ಸೈಡ್ ಮಹೋದಯರೇ,

ಜಯನಗರ ಏಳನೇ ಬ್ಲಾಕಿನಿಂದ ಈ ಬಡವಿಯ ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನ ಬೆರಳತುದಿ, ಗೆಣ್ಣು, ತುಟಿಯಂಚುಗಳಲ್ಲಿ ಬಿಡಾರ ಹೂಡಿ ವರ್ಷಗಳೇ ಆದವು. ಹತ್ತು ತಿಂಗಳ ಅಡ್ವಾನ್ಸ್ ಇಲ್ಲದೆ ಒಂದು ಕೋಣೆಯೂ ಸಿಗದ ಏರಿಯಾ ಇದು. ತಮ್ಮಿಂದ ಬಾಡಿಗೆಯನ್ನೂ ಕೇಳಿಲ್ಲ. ಅಷ್ಟು ಸಲುಗೆಯಲ್ಲಿ ಒಂದೆರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ತಮ್ಮ ಜನ್ಮವೃತ್ತಾಂತ. ಚರ್ಮದಲ್ಲಿ ಮೆಲನೊಸೈಟ್ ಎಂಬ ಕೋಶಗಳಿವೆ. ಟೈರೋಸಿನೇಸ್ ಎಂಬ ಕಿಣ್ವದ ನೆರವಿನಿಂದ ಬಣ್ಣ ತಯಾರಿಸುವುದು ಅವುಗಳ ಕೆಲಸ. ಆ ಕೆಲಸ ನಡೆಯುವಾಗಲೇ ತಾವೂ ಹುಟ್ಟುತ್ತೀರಿ. ಇದು ಎಲ್ಲರ ಮೈಯಲ್ಲೂ ನಡೆಯುವ ಸಂಗತಿ. ಹುಟ್ಟಿದ ತಮ್ಮನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಒಡೆದು ನೀರು, ಆಮ್ಲಜನಕ ಮಾಡಿ ಕಳುಹಿಸುತ್ತದೆ. ಮೊಣಕಾಲು ತರಚಿಕೊಂಡ ಮಗುವಿಗೆ ಮೆಡಿಕಲ್ ಶಾಪಿನ ಕಂದು ಬಾಟಲಿಯಿಂದ ತಮ್ಮನ್ನು ಸುರಿದಾಗ ಬುಸಬುಸನೆ ನೊರೆ ಏಳುತ್ತದಲ್ಲ, ಅದು ಔಷಧಿಯ ಪ್ರತಾಪವೆಂದೇ ನಾವು ನಂಬಿದ್ದೆವು. ಕ್ಯಾಟಲೇಸ್ ತಮ್ಮನ್ನು ಮುಗಿಸುತ್ತಿರುವ ಸದ್ದು ಅದು ಎಂದು ತಡವಾಗಿ ತಿಳಿಯಿತು.

ನನ್ನಂತೆ ತೊನ್ನು ಇರುವವರ ಚರ್ಮದಲ್ಲಿ ಈ ಕ್ಯಾಟಲೇಸ್ ಕಡಿಮೆ ಎಂದು ಸಂಶೋಧಕಿ ಕರಿನ್ ಶಾಲ್‌ರಾಯ್ಟರ್ ಮತ್ತು ಸಂಗಡಿಗರು 1991ರಲ್ಲೇ ತೋರಿಸಿದರು. ಬಿಳಿ ಕಲೆಯ ಜಾಗದಲ್ಲಷ್ಟೇ ಅಲ್ಲ, ಇನ್ನೂ ಬಣ್ಣ ಉಳಿದ ಜಾಗದಲ್ಲೂ ಕಡಿಮೆ. ಅಲ್ಲಿಂದಾಚೆಗೆ ತಮ್ಮ ಜಾಣ್ಮೆಗೆ ತಲೆಬಾಗಲೇಬೇಕು. ಗುಂಪುಗೂಡಿದ ಮೇಲೆ ತಾವು, ತಮ್ಮನ್ನು ತೊಲಗಿಸಬೇಕಾದ ಆ ಕಿಣ್ವವನ್ನೇ ಕೆಡಿಸುತ್ತೀರಂತೆ. (ಈ ಉಪಾಯ ಬೆಂಗಳೂರಿನವರಿಗೆ ಹೊಸದೇನಲ್ಲ.) ಹೀಗೆ ತಾವು ತುಂಬಿ ತುಳುಕುವುದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಸುಮ್ಮನೆ ಕುಳಿತ ಕೋಶಗಳನ್ನು ಬಿಟ್ಟು, ದುಡಿದು ಬಣ್ಣ ಮಾಡಿದ ಕೋಶಕ್ಕೇ ಮೊದಲ ಪೆಟ್ಟು ಕೊಡುವ ತಮ್ಮ ನ್ಯಾಯಪ್ರಜ್ಞೆಗೆ ಶರಣು.

ಆಮೇಲಿನ ಕೆಲಸವನ್ನು ಬೇರೆಯವರಿಂದ ಮಾಡಿಸುವುದಂತೂ ದೊಡ್ಡವರ ಲಕ್ಷಣ. ಪೆಟ್ಟು ತಿಂದ ಕೋಶ ಅಪಾಯದ ಸೂಚನೆ ಹೊರಡಿಸುತ್ತದೆ, ಅದನ್ನು ಕೇಳಿ ರೋಗದಿಂದ ಕಾಯಬೇಕಾದ ಸಿಡಿ8 ಟಿ ಕೋಶಗಳು ಬರುತ್ತವೆ. ಬಂದು, ದೂರು ಕೊಟ್ಟ ಕೋಶವನ್ನೇ ಕೊಲ್ಲುತ್ತವೆ. 2022ರಲ್ಲಿ ಅಮೆರಿಕದಲ್ಲಿ ತೊನ್ನಿಗೆ ಒಪ್ಪಿಗೆ ಪಡೆದ ರಕ್ಸೊಲಿಟಿನಿಬ್ ಮುಲಾಮು ಕೂಡ ತಡೆಯುವುದು ಈ ಟಿ ಕೋಶಗಳ ಕೂಗಾಟವನ್ನು. ತಮ್ಮ ಮೇಲೆ ನೇರವಾಗಿ ಕೈ ಎತ್ತುವುದಿಲ್ಲ. ವಂಶವಾಹಿಗಳ ಪಾಲೂ ಇದೆ, ತಾವು ಮೊದಲ ಆರೋಪಿಯೋ ಜೊತೆಗಾರರೋ ಎಂಬ ವಾದ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಸಂಶಯದ ಲಾಭವನ್ನು ದಯವಿಟ್ಟು ಅನುಭವಿಸಿ.

ಅಷ್ಟಕ್ಕೂ ನಮ್ಮ ಕಡೆ ತಮ್ಮ ಹೆಸರಿಗೆ ಕಳಂಕ ಬರಲು ಯಾರೂ ಬಿಟ್ಟಿಲ್ಲ. ತಪ್ಪನ್ನೆಲ್ಲ ನಾಗಪ್ಪ ಹೊತ್ತಿದ್ದಾನೆ. ಕಲೆ ಕಂಡ ಕೂಡಲೇ ಹಿರಿಯರು ಸರ್ಪದೋಷ ಎಂದರು, ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸಿದೆವು. ಹುಳಿ ಬಿಡು, ಮೊಸರು ಬಿಡು, ನಿಂಬೆಹಣ್ಣಂತೂ ಮುಟ್ಟಲೇಬೇಡ ಎಂದ ಅತ್ತಿಗೆಯೇ, ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚು ಎಂದರು. ಹಚ್ಚಿದೆ. ತಾವು ಆ ಬೆಳಕಿನಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿರಿ.

ಜೆ.ಪಿ. ನಗರದಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಎಲ್ಲರ ಹಣೆಗೂ ಮನೆಯಾಕೆ ಕೈಯಾರೆ ಇಟ್ಟರು. ನನ್ನ ಸರದಿ ಬಂದಾಗ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, “ನೀವೇ ಹಚ್ಕೊಂಬಿಡಿ, ಪರವಾಗಿಲ್ಲ” ಎಂದರು. ತೊನ್ನು ಅಂಟುವ ರೋಗವಲ್ಲ. ಇದು ತಮಗೂ ನನಗೂ ಡಾಕ್ಟರಿಗೂ ಗೊತ್ತು. ಒಮ್ಮೆ ಆ ಮನೆಗೂ ತಾವೇ ಹೋಗಿ ತಿಳಿಸಬಹುದಿತ್ತು. ಬೇಡ, ಹೋಗಬೇಡಿ. ಬಾಯಿತಪ್ಪಿ ಬಂದ ಮಾತು.

ಕುಂಕುಮದ ಮಾತು ಬಂದದ್ದಕ್ಕೆ ಇನ್ನೊಂದು ಕೃತಜ್ಞತೆ. ಸ್ಟಿಕರ್ ಬೊಟ್ಟಿನ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಇದ್ದು, ಹಣೆಯ ಮೇಲೆ ಬೊಟ್ಟಿನಷ್ಟೇ ಅಗಲಕ್ಕೆ ಬಣ್ಣ ಹೋದ ಹೆಂಗಸರನ್ನು ನಮ್ಮ ಚರ್ಮವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ. 1939ರಲ್ಲಿ ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ರಬ್ಬರ್ ಗ್ಲೌಸ್ ಹಾಕಿದವರ ಕೈ ಬೆಳ್ಳಗಾಯಿತು, ಕಾರಣ ಇದೇ ಕುಲದ ಮೊನೊಬೆಂಜೋನ್. 2013ರಲ್ಲಿ ಜಪಾನಿನಲ್ಲಿ ಬಿಳುಪು ಕೊಡುವ ಕ್ರೀಮಿನ ರೊಡೊಡೆಂಡ್ರಾಲ್ ಸಾವಿರಾರು ಹೆಂಗಸರಿಗೆ ಕೇಳಿದ್ದಕ್ಕಿಂತ ಹೆಚ್ಚು ಬಿಳುಪು ಕೊಟ್ಟಿತು. ಇವೆಲ್ಲ ನೋಡಲು ಟೈರೋಸಿನೇಸ್‌ಗೆ ಅದರದೇ ಕಚ್ಚಾ ಮಾಲಿನಂತೆ ಕಾಣುತ್ತವೆ. ಪಾಪದ ಕೋಶ ನಂಬಿ ಒಳಗೆ ಕರೆದುಕೊಳ್ಳುತ್ತದೆ. ಆಮೇಲೆ ಒಳಗೆ ತಾವೂ ತಮ್ಮ ಬಂಧುಬಳಗವೂ. ಬೊಟ್ಟಿನ ಪ್ಯಾಕೆಟ್ಟಿನ ಹಿಂಭಾಗದಲ್ಲಿ ಅಂಟಿನೊಳಗೆ ಏನಿದೆ ಎಂದು ಬರೆದದ್ದನ್ನು ನಾನಂತೂ ನೋಡಿಲ್ಲ. ಇಷ್ಟು ದೊಡ್ಡವರಾಗಿಯೂ ಪ್ರಚಾರ ಬಯಸದ ತಮ್ಮ ವಿನಯ ಅದು.

ಇನ್ನು ತಮ್ಮ ಪಕ್ಷಪಾತದ ವಿಷಯ. ನಾಲ್ಕನೇ ಬ್ಲಾಕಿನ ಪಾರ್ಲರುಗಳಲ್ಲಿ ಬ್ಲೀಚ್ ಎಂಬ ಹೆಸರಿನಲ್ಲಿ ತಮ್ಮನ್ನು ಮುಖಕ್ಕೆ ಹಚ್ಚಿಸಿಕೊಳ್ಳಲು ದುಡ್ಡು ಕೊಟ್ಟು ಕಾಯುತ್ತಾರೆ. 2009ರಲ್ಲಿ ಶಾಲ್‌ರಾಯ್ಟರ್ ಅವರ ತಂಡವೇ ನೆರೆಗೂದಲಿನಲ್ಲೂ ತಾವು ಶೇಖರವಾಗಿರುವುದನ್ನು ಪ್ರಕಟಿಸಿತು. ಅಂದರೆ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನನ್ನ ಕೈ ನೋಡಿ ಬೆಂಚಿನ ಆ ತುದಿಗೆ ಸರಿಯುವ ಯಜಮಾನರ ತಲೆಯ ತುಂಬ ತಾವೇ ವಿರಾಜಮಾನರು! ಅಲ್ಲಿ ತಮ್ಮನ್ನು ಅನುಭವ, ಹಿರಿತನ ಎನ್ನುತ್ತಾರೆ. ನನ್ನ ಗೆಣ್ಣಿನ ಮೇಲೆ ಕೂತರೆ ಮಗಳ ಜಾತಕ ವಾಪಸ್ಸು ಬರುತ್ತದೆ.

ತಮ್ಮ ಶತ್ರುಗಳೆಂದು ಹೇಳಿಕೊಂಡು ಹೊಟ್ಟೆ ಹೊರೆಯುವವರನ್ನೂ ತಾವು ಸಾಕುತ್ತಿದ್ದೀರಿ. ಬಿ.ಟಿ.ಎಂ. ಲೇಔಟಿನ ಕಾಂಪೌಂಡುಗಳ ಮೇಲೆ “ತೊನ್ನು ಗ್ಯಾರಂಟಿ ವಾಸಿ” ಎಂಬ ಭಿತ್ತಿಪತ್ರ. ಇಂಥ ಜಾಹೀರಾತು ಕೂಡದೆಂದು 1954ರ ಕಾಯ್ದೆಯ ಪಟ್ಟಿಯಲ್ಲೇ ತೊನ್ನಿನ ಹೆಸರಿದೆ, ಮೈದಾಹಿಟ್ಟಿನ ಅಂಟಿಗೆ ಅದು ಗೊತ್ತಿಲ್ಲ. ಆಂಟಿಆಕ್ಸಿಡೆಂಟ್ ಜ್ಯೂಸಿನ ಬಾಟಲಿಗಳನ್ನು ನಾನೂ ಖಾಲಿ ಮಾಡಿದೆ. ವಿಟಮಿನ್ ಇ, ಆಲ್ಫಾ ಲಿಪೊಯಿಕ್ ಆಮ್ಲಗಳು ಬೆಳಕಿನ ಚಿಕಿತ್ಸೆಯ ಜೊತೆ ಸ್ವಲ್ಪ ಒದಗಿದವೆಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ಬರೀ ಕುಡಿದದ್ದರಿಂದ ನನ್ನ ಪರ್ಸಿನ ಬಣ್ಣ ಮಾತ್ರ ಹೋಯಿತು. ಶಾಲ್‌ರಾಯ್ಟರ್ ಅವರೇ ಕ್ಯಾಟಲೇಸ್‌ನ ನಕಲು ಮಾಡಿ ಮುಲಾಮು ತಯಾರಿಸಿದರು, ಬೇರೆಯವರು ಪರೀಕ್ಷಿಸಿದಾಗ ಅದು ಹುಸಿ ಮುಲಾಮಿಗಿಂತ ಮೇಲೆನಿಸಲಿಲ್ಲ. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ತಂಡ 2014ರಲ್ಲಿ ವೆನೇಡಿಯಂ ಪೆಂಟಾಕ್ಸೈಡಿನ ನ್ಯಾನೊತಂತಿಗಳು ಕಿಣ್ವದಂತೆಯೇ ತಮ್ಮನ್ನು ನಿವಾರಿಸುತ್ತವೆಂದು ತೋರಿಸಿತು. ಅದು ಪ್ರಯೋಗಾಲಯದ ಕೋಶಗಳ ಮಾತು, ನನ್ನ ಬೆರಳಿನವರೆಗೆ ಬಂದಿಲ್ಲ. ತಾವು ಗಾಬರಿಯಾಗಬೇಕಿಲ್ಲ.

ಕೊನೆಯದಾಗಿ ಒಂದು ಬಿನ್ನಹ. ವಾರಕ್ಕೆರಡು ಸಲ ನಾನು 311 ನ್ಯಾನೊಮೀಟರಿನ ನೇರಳಾತೀತ ಬೆಳಕಿನ ಪೆಟ್ಟಿಗೆಯಲ್ಲಿ ನಿಲ್ಲುತ್ತಿದ್ದೇನೆ. ಆ ಬೆಳಕಿಗೂ ತಾವು ಒಂದಿಷ್ಟು ಹುಟ್ಟುತ್ತೀರೆಂಬುದು ಗೊತ್ತಿದ್ದೇ ನಿಲ್ಲುತ್ತೇನೆ, ನೋಡಿ ನನ್ನ ಭಕ್ತಿ. ರೋಮದ ಬುಡದಲ್ಲಿ ಅಡಗಿ ಉಳಿದ ಬಣ್ಣದ ಕೋಶಗಳು ಅದಕ್ಕೆ ಎದ್ದು ಮೇಲೆ ಬರುತ್ತವಂತೆ. ನನ್ನ ಗೆಣ್ಣಿನ ಹತ್ತಿರ ಸಾಸಿವೆಯಷ್ಟು ಗಾತ್ರದ ಕಂದು ಚುಕ್ಕೆಗಳು ಮೂಡಿವೆ. ಬೆರಳತುದಿಯಲ್ಲಿ ರೋಮವಿಲ್ಲ, ಅಲ್ಲಿ ಆಸೆ ಕಡಿಮೆ ಎಂದರು ಡಾಕ್ಟರು. ಆದ್ದರಿಂದ ಜಗಳ ಬೇಡ. ತುದಿಗಳನ್ನು ತಾವೇ ಇಟ್ಟುಕೊಳ್ಳಿ, ಗೆಣ್ಣಿನ ಕಡೆ ಮಾತ್ರ ದಯಮಾಡಿ ತಲೆ ಹಾಕಬೇಡಿ.

ಇಂತಿ,
ತಮ್ಮ ವಿಧೇಯಳು