ಖಿಲಾರಿ ಹೋರಿಯ ಸಂದರ್ಶನ: “ಹರಾಜು ನಮಗೇನ್ ಹೊಸದಲ್ರಿ”

ಐಪಿಎಲ್ ಹರಾಜಿನ ಬಗ್ಗೆ ಟಿವಿಯಲ್ಲಿ ಮಾಜಿ ಆಟಗಾರರು, ಮಾರುಕಟ್ಟೆ ಪಂಡಿತರು, ಜ್ಯೋತಿಷಿಗಳು ಎಲ್ಲರೂ ಮಾತಾಡಿ ಮುಗಿಸಿದ್ದಾರೆ. ಹರಾಜಿನ ವಿದ್ಯೆಯನ್ನು ತಲೆಮಾರುಗಳಿಂದ ಮೈಮೇಲೆ ಹೊತ್ತವರನ್ನು ಮಾತ್ರ ಯಾರೂ ಕೇಳಲಿಲ್ಲ. ಆದ್ದರಿಂದ ನಮ್ಮ ಪತ್ರಿಕೆ ಸೊಲ್ಲಾಪುರ ಜಿಲ್ಲೆಯ ನಂದೇಶ್ವರಕ್ಕೆ ಹೋಗಿ, ಶರ್ಯತ್ತಿನಲ್ಲಿ ಓಡುವ ಖಿಲಾರಿ ಹೋರಿ ಶ್ರೀ ಬಸವ ಅವರನ್ನು ಗೋದಲಿಯ ಮುಂದೆ ಭೇಟಿ ಮಾಡಿತು. ಅವರು ಮೆಲುಕು ಹಾಕುತ್ತಲೇ ಉತ್ತರಿಸಿದರು.

ಪ್ರಶ್ನೆ: ಮನುಷ್ಯರನ್ನು ಹರಾಜು ಹಾಕುವುದು ಅವಮಾನ ಎನ್ನುವವರಿದ್ದಾರೆ. ತಮ್ಮ ಅಭಿಪ್ರಾಯ?

ಅವಮಾನ ಆಗಿದ್ದು ನಮಗ್ರಿ. ಸಿದ್ಧರಾಮನ ಜಾತ್ರ್ಯಾಗ ನಮ್ಮ ಬೆಲಿ ಟವೆಲ್ ಕೆಳಗ ಆಗ್ತದ. ದಲಾಲ ಬೆರಳ ಹಿಡದು ಒತ್ತತಾನ, ಎದುರಿನಾಂವ ತಲಿ ಅಲ್ಲಾಡಸ್ತಾನ. ಬಾಜೂಕ ನಿಂತ ನನಗೂ ಪತ್ತೆ ಹತ್ತೂದಿಲ್ಲ. ನಿಮ್ಮವರು ಜೆದ್ದಾದಾಗ ಐಪಿಎಲ್ ಹರಾಜಿಗೆ ಕುಂತು ಇಡೀ ಜಗತ್ತಿಗೆ ಕೇಳೂಹಂಗ ಒದರಿದ್ರು. ನಮ್ಮ ಮರ್ಯಾದಿ ಅವರಿಗೆಲ್ಲಿ ಬರಬೇಕು!

ಪ್ರಶ್ನೆ: ಆಯ್ಕೆಯ ವಿಧಾನದಲ್ಲಿ ಹೋಲಿಕೆ ಇದೆಯೇ?

ನಮಗ ಹಲ್ಲ ಎಣಸ್ತಾರ, ಸುಳಿ ನೋಡ್ತಾರ, ನಾಕ ಹೆಜ್ಜಿ ನಡಸ್ತಾರ. ನಿಮ್ಮಲ್ಲಿ ಸ್ಟ್ರೈಕ್ ರೇಟ್ ಅಂತಾರ, ಯೋ-ಯೋ ಅಂತಾರ. ನಮ್ಮಲ್ಲಿ ಬಾಯಿಗೂಡಿದ ಎತ್ತಿಗೆ ಗಿರಾಕಿ ಕಡಿಮಿ, ನಿಮ್ಮಲ್ಲಿ ಮೂವತ್ತೈದು ದಾಟಿದಾಂವಗ. ನಿಮ್ಮವರು ಸುಳಿ ನೋಡೂದಿಲ್ಲಲ್ಲ, ಅದಕ್ಕೇ ಮೋಸ ಹೋಗ್ತಾರ.

ಪ್ರಶ್ನೆ: ರಿಷಭ್ ಪಂತ್ ಅವರಿಗೆ 27 ಕೋಟಿ ಬಂತಲ್ಲ. ಅಷ್ಟು ಬೆಲೆ ಹೇಗೆ ಬರುತ್ತದೆ?

ಬೆಲಿ ಹೋರಿದಲ್ರಿ, ಕೊಳ್ಳಾವನ ಗರಜಿಂದು. 2024ರ ನವೆಂಬರದಾಗ ಲಖನೌದವರು 20.75 ಕೋಟಿಗೆ ಬಂದು ನಿಂತಿದ್ರು. ದಿಲ್ಲಿಯವರು ‘ನಮ್ಮ ಹಳೇ ಹೋರಿ, ಅದೇ ಬೆಲಿಗೆ ನಾವೇ ಒಯ್ತೀವಿ’ ಅಂತ ಕಾರ್ಡ್ ತೋರಿಸಿದ್ರು. ಲಖನೌದವರು ಅಲ್ಲೇ 27 ಅಂದ್ರು, ದಿಲ್ಲಿಯವರು ಕೈಬಿಟ್ರು. ಆ ಒಂದ ಗಳಿಗ್ಯಾಗ ಆ ಹುಡುಗ ಒಂದ ರನ್ನರ ಹೊಡದಿದ್ನೇನು? ಆರೂಕಾಲು ಕೋಟಿ ಏರಿತು. ಕೊಳ್ಳಾವರ ಜಿದ್ದು ಅಂದ್ರ ಅದು.

ಪ್ರಶ್ನೆ: ಹಾಗಾದರೆ ದೊಡ್ಡ ಬೆಲೆ ಬಂದವರಿಗೆ ದೊಡ್ಡ ಕೆಲಸ ಸಿಗುವುದಿಲ್ಲವೇ?

ನಮ್ಮ ಕರ್ನಾಟಕದ ಕೆ. ಗೌತಮ್ ಅವರನ್ನ ಕೇಳ್ರಿ. 2021ರಾಗ ಚೆನ್ನೈದವರು 9.25 ಕೋಟಿ ಕೊಟ್ಟು ಒಯ್ದ್ರು. ಆ ವರ್ಷ ಒಂದ ಮ್ಯಾಚೂ ಆಡಸಲಿಲ್ಲ. ಮುಂದಿನ ವರ್ಷ 90 ಲಕ್ಷಕ್ಕ ಲಖನೌಕ್ಕ ಹೋದ್ರು. ನೊಗ ಹೊರಲಾರದೆ ಕಟ್ಟಿದ್ರೂ ಬೆಲಿ ಇಳೀತದ. ನಮ್ಮಲ್ಲಿ ಕಟ್ಟಿ ಹಾಕಿದ್ರ ಮೈಯಾದ್ರೂ ಬರ್ತದ.

ಪ್ರಶ್ನೆ: ಸೊಲ್ಲಾಪುರದ ಹುಡುಗ ಅರ್ಶಿನ್ ಕುಲಕರ್ಣಿಯೂ ಲಖನೌದಲ್ಲೇ ಇದ್ದಾರೆ.

ಇದ್ದಾನ್ರಿ. 2023ರ ಮಹಾರಾಷ್ಟ್ರ ಲೀಗಿನಾಗ 54 ಚೆಂಡಿಗೆ 117 ಹೊಡದ, ಅದರಾಗ 13 ಸಿಕ್ಸರ್. ಮ್ಯಾಲ ನಾಕ ವಿಕೆಟ್ಟು ಬ್ಯಾರೆ. ಅವನ ಬೆಲಿ ಮೊದಲು 20 ಲಕ್ಷ, ಆಮ್ಯಾಲ 30 ಲಕ್ಷ. ಪಂತರಿಗೂ ಇವನಿಗೂ ಒಂದೇ ದಾವಣಿ, ಒಂದೇ ಗೋದಲಿ. ಬೆಲಿ ಮಾತ್ರ ತೊಂಬತ್ತು ಪಟ್ಟು. 2025ರಿಂದ ಆಡಿದ ಮ್ಯಾಚಿಗೆ 7.5 ಲಕ್ಷ ಬ್ಯಾರೆ ಕೊಡ್ತಾರ. ನೊಗ ಕಟ್ಟಿದ ದಿನದ ಕೂಲಿ ಅನ್ರಿ. ಐದ ಮ್ಯಾಚ್ ಆಡಿದ್ರ ಬೆಲಿಗಿಂತ ಕೂಲಿನೇ ಹೆಚ್ಚು! ಆದ್ರ ಆಡಸಬೇಕಲ್ಲ?

ಪ್ರಶ್ನೆ: ಹೆಣ್ಣುಮಕ್ಕಳ ಆಟವನ್ನೂ ಗಮನಿಸುತ್ತೀರಾ?

ನಮ್ಮ ಮಾಳಶಿರಸ ತಾಲೂಕಿನ ಮಿರೆ ಊರಿನ ರೈತನ ಮಗಳು ಕಿರಣ ನವಗಿರೆ ಇಲ್ಲೇನ್ರಿ? ಭರ್ಚಿ, ಗುಂಡು ಒಗದು ರಟ್ಟಿ ಗಟ್ಟಿ ಮಾಡ್ಕೊಂಡಾಕಿ. ನಾಗಾಲ್ಯಾಂಡಿಗೆ ಹೋಗಿ 2022ರಾಗ ಒಂದ ಟಿ-20 ಮ್ಯಾಚಿನಾಗ 162 ಹೊಡದ್ಲು. ಮರುವರ್ಷ ಯುಪಿ ವಾರಿಯರ್ಜ್‌ದವರು 30 ಲಕ್ಷಕ್ಕ ತಗೊಂಡ್ರು. ಮೊದಲನೇ ಮ್ಯಾಚಿಗೆ ಬ್ಯಾಟ್ ಹಿಡದು ಬಂದ್ಲು ನೋಡ್ರಿ, ಕಂಪನಿ ಸ್ಟಿಕ್ಕರ್ ಇಲ್ಲ. ತಾನೇ ಪೆನ್ನಿನಲೆ ‘ಎಂಎಸ್‌ಡಿ 07’ ಅಂತ ಬರದಿದ್ಲು. ಆ ಬೋಳು ಬ್ಯಾಟಿನಲೇ 53 ಹೊಡದ್ಲು. ದೊಡ್ಡವರ ಬ್ಯಾಟಿನ ಮ್ಯಾಲ ಅಂಗೈಯಷ್ಟು ಜಾಗಕ್ಕ ಕೋಟಿಗಟ್ಟಲೆ ಬಾಡಗಿ. ನಮಗ ಜಾತ್ರಿಗೆ ಹೋಗುವಾಗ ಕೊಂಬಿಗೆ ಬಣ್ಣನಾದ್ರೂ ಪುಕ್ಕಟ ಹಚ್ತಾರ.

ಪ್ರಶ್ನೆ: ನೀವೂ ಕ್ರೀಡಾಪಟು. ನಿಮ್ಮ ಏಳುಬೀಳು?

2014ರಾಗ ಸುಪ್ರೀಂ ಕೋರ್ಟು ಶರ್ಯತ್ತು ಬಂದ್ ಮಾಡಿತು. ಮಹಾರಾಷ್ಟ್ರದಾಗ ಮತ್ತ ಓಡಾಕ ಬಿಟ್ಟಿದ್ದು 2021ರ ಡಿಸೆಂಬರಕ್ಕ. ನಮ್ಮಪ್ಪನ ಕರಿಯರ್ ಪೂರಾ ಅದರಾಗ ಹೋತು. ನಿಮ್ಮಾವ ಮೊಣಕಾಲ ಹಿಡಕೊಂಡು ಆರು ತಿಂಗಳ ಕುಂತು ಬಂದ್ರ ‘ಕಮ್‌ಬ್ಯಾಕ್’ ಅಂತ ಡಾಕ್ಯುಮೆಂಟರಿ ತೆಗೀತೀರಿ.

ಪ್ರಶ್ನೆ: ಐಷಾರಾಮಿ ಜೀವನ? ಕಾರು, ಗಡಿಯಾರ, ಬಂಗಲೆ?

ಕಾರ ಹುಣ್ಣಿವಿ ದಿನ ನಮಗೂ ಮೈ ತೊಳೀತಾರ, ಝೂಲ ಹೊದಸ್ತಾರ, ಹೋಳಿಗಿ ತಿನಸ್ತಾರ, ಫೋಟೋ ತೆಗೀತಾರ. ಮರುದಿನ ಅದೇ ಜ್ವಾಳದ ಕಣಿಕಿ. ಹುಣ್ಣಿವಿ ದಿನದ ಫೋಟೋ ನೋಡಿ ಹೋರಿ ಬದುಕು ಛಲೋ ಅದ ಅಂದ್ರ ಹೆಂಗ?

ಪ್ರಶ್ನೆ: ಬ್ಯಾಟು ಹಿಡಿದ ಈ ಭಾಗದ ಹುಡುಗರಿಗೆ ಏನು ಹೇಳುತ್ತೀರಿ?

ಲೆಕ್ಕ ಪೂರ್ತಿ ಓದ್ರಿ ಅಂತೀನಿ. ಜೆದ್ದಾದ ಹರಾಜಿಗೆ ಹೆಸರ ಬರಸಿದಾವರು 1,574 ಮಂದಿ. ಗಿರಾಕಿ ಸಿಕ್ಕಿದ್ದು 182 ಮಂದಿಗೆ. ಉಳದಾವರ ಕಿಟ್ಟಿನ ಸಾಲ, ಕೋಚಿಂಗ್ ಫೀ, ಸೊಲ್ಲಾಪುರದ ಬಸ್ ಚಾರ್ಜು ಯಾವ ಟಿವಿಯಾವ ತೋರಿಸಿದಾನ? ನನ್ನ ಹೆಸರಿನ ದೊಡ್ಡವರು ಇಲ್ಲೇ ಮಂಗಳವೇಢ್ಯಾಗ ಬಿಜ್ಜಳನ ಭಂಡಾರದ ಕರಣಿಕರಾಗಿದ್ರು. ಜಮಾ ಅಷ್ಟೇ ಬರದು ಖರ್ಚ ಬಿಟ್ಟ ವಹಿ ತಂದಿದ್ರ ಅವರು ಹೊಳ್ಳಿ ಕಳಿಸ್ತಿದ್ರು.

ಪ್ರಶ್ನೆ: ಕೊನೆಯದಾಗಿ, ಈ ಸಲದ ಶರ್ಯತ್ತಿನ ಬಹುಮಾನ?

ಒಂದ ಮೋಟಾರ್ ಸೈಕಲ್ ಅಂತ. ಗೆದ್ರ ಮಾಲಕರು ಹತ್ತಿ ತಿರಗ್ತಾರ. ಪೆಟ್ರೋಲ್ ಖರ್ಚು ಮಾತ್ರ ನನ್ನ ಹಿಂಡ್ಯಾಗ ಕಡಿತ ಆಗ್ತದ.